ಮೊದಲು ಪೈಂಟು, ಆಮೇಲೆ ಪರೀಕ್ಷೆ

ಜೂನ್ 1 ಬಂತೆಂದರೆ ಕರಾವಳಿಯ ಬೋಟುಗಳಿಗೆ ಜುಲೈ 31ರ ತನಕ 61 ದಿನ ರಜೆ. ಮೀನು ಮೊಟ್ಟೆಯಿಡಲಿ ಎಂದು ಸರ್ಕಾರ ಕೊಟ್ಟ ಈ ರಜೆಯಲ್ಲಿ ಮೀನಿಗಿಂತ ಹೆಚ್ಚು ಮರಿ ಹಾಕುವುದು ರಿಪೇರಿ ಬಿಲ್ಲು. ಮಲ್ಪೆ, ಗಂಗೊಳ್ಳಿಗಳಲ್ಲಿ ಹಳೆಯ ಮರದ ಬೋಟುಗಳು ದಡ ಹತ್ತಿ ಹೊಟ್ಟೆ ತೋರಿಸಿಕೊಂಡು ನಿಲ್ಲುತ್ತವೆ. ನೋಡುವವರಿಗೆ ಬರವಿಲ್ಲ. ಕಾಣುವುದು ಮಾತ್ರ ಅವರವರ ಕಸುಬಿಗೆ ತಕ್ಕಷ್ಟು: ಪೈಂಟಿನವನಿಗೆ ಮಾಸಿದ ಬಣ್ಣ, ಫೈಬರಿನವನಿಗೆ ಬಿರುಕು, ಮರದ ಮಿಲ್ಲಿನವನಿಗೆ ಹೊಸ ಹಲಗೆಯ ಜಾಗ, ಸಾಲ ಕೊಡುವವನಿಗೆ ಮಾಲೀಕನ ಹೆಂಡತಿಯ ಬಳೆ.

ಮೇಸ್ತ್ರಿ ಬೋಟಿನ ಕಡೆ ನೋಡುವುದೇ ಇಲ್ಲ. "ಈ ಸಲ ಬಂಗುಡೆ ಹೇಗಿತ್ತು ಧಣಿಗಳೇ?" ಎನ್ನುತ್ತಾನೆ. ಅಲ್ಲಿಗೆ ತಪಾಸಣೆ ಮುಗಿಯಿತು. ಬಂಗುಡೆ ಚೆನ್ನಾಗಿ ಬಿದ್ದಿದ್ದರೆ ಎಂಟು ಹಲಗೆ ಹೋಗಿವೆ, ಬೀಳದಿದ್ದರೆ ಎರಡು. "ಒಳಗೆ ಎಂತ ಉಂಟೋ, ಬಿಚ್ಚಿದ ಮೇಲೆಯೇ ಗೊತ್ತಾಗುವುದು ಮಾರಾಯ್ರೆ. ಈಗ ಅಡ್ವಾನ್ಸ್ ಕೊಡಿ." ಒಳಗೇನಿದೆ ಎಂದು ತಿಳಿಯದೆಯೂ ಅದರ ರೇಟು ತಿಳಿದಿರುವುದು ಈ ವಿದ್ಯೆಯ ಹೆಚ್ಚುಗಾರಿಕೆ.

ಮಾಲೀಕನೂ ಕಡಿಮೆಯವನಲ್ಲ. ಸಂತೆಯಲ್ಲಿ ಒಂದು ತೆಂಗಿನಕಾಯಿಯನ್ನು ತಟ್ಟಿ, ಕುಲುಕಿ, ಕಿವಿಗೆ ಹಿಡಿದು ಕೊಳ್ಳುವ ಆಸಾಮಿ, ಲಕ್ಷಗಟ್ಟಲೆಯ ಬೋಟಿಗೆ ಸುತ್ತಿಗೆ ತಾಗಿಸಿದರೆ ಬೆಚ್ಚಿಬೀಳುತ್ತಾನೆ: "ಸುಮ್ಮನೆ ಎಂತಕ್ಕೆ ಬಡಿಯುವುದು? ಇದ್ದದ್ದೂ ಹಾಳಾದೀತು." ಬಡಿದರೆ ಮರ ನಿಜ ಹೇಳಿಬಿಡುತ್ತದೆ ಎಂಬ ಭಯ. ಗಟ್ಟಿ ಹಲಗೆ ಟಣ್ಣೆನ್ನುತ್ತದೆ, ಕೊಳೆತದ್ದು ಬೊದ್ದೆನ್ನುತ್ತದೆ. ಚೂಪಾದ ದಬ್ಬಳ ಒತ್ತಿದಾಗ ಸಲೀಸಾಗಿ ಒಳಗಿಳಿದರೆ ಹಲಗೆಯ ಆಯಸ್ಸು ಮುಗಿಯಿತೆಂದೇ ಲೆಕ್ಕ. ಮೊಳೆಯ ತಲೆಯಿಂದ ಕಂದು ಗೆರೆ ಇಳಿದಿದ್ದರೆ ಒಳಗೆ ಮೊಳೆ ಸವೆಯುತ್ತಿದೆ. ಬೋಟಿನ ಬೆನ್ನೆಲುಬಾದ ಕೀಲಿಗೆ ತಾಗಿದ ಹಲಗೆ, ಪ್ರೊಪೆಲ್ಲರ್ ಶಾಫ್ಟಿನ ಸುತ್ತಿನ ಮರ, ಇವನ್ನಂತೂ ಬಗ್ಗಿ ನೋಡಬೇಕು. ಬಗ್ಗಿದರೆ ಬಟ್ಟೆ ಕೊಳೆಯಾಗುತ್ತದೆ, ಹಾಗಾಗಿ ಯಾರೂ ಬಗ್ಗುವುದಿಲ್ಲ.

ಮರ ಕೊರೆಯುವ ಸಮುದ್ರದ ಹುಳು ಇವರೆಲ್ಲರಿಗಿಂತ ಜಾಣ. ಹೊರಗೆ ಗುಂಡುಸೂಜಿಯ ತಲೆಯಷ್ಟು ತೂತು, ಒಳಗೆ ಇಡೀ ಸುರಂಗ. ಹೆಸರಿಗೆ ಹುಳು, ಕುಲದಲ್ಲಿ ಮರುವಾಯಿಯ ನೆಂಟ. ನಾವು ಮರುವಾಯಿ ಸುಕ್ಕ ತಿನ್ನುತ್ತೇವೆ, ನೆಂಟ ನಮ್ಮ ಬೋಟು ತಿನ್ನುತ್ತಾನೆ, ಲೆಕ್ಕ ಚುಕ್ತಾ.

ಎಲ್ಲಕ್ಕೂ ಮದ್ದು ಫೈಬರ್ ಕೋಟಿಂಗ್. ಒಣಗಿದ ಗಟ್ಟಿ ಮರದ ಮೇಲೆ ಅದು ಒಳ್ಳೆಯ ಕೆಲಸವೇ. ಹಸಿ ಮರದ ಮೇಲೆ ಬಳಿದರೆ ಒಳಗಿನ ನೀರು ಹೊರಗೆ ಹೋಗದಂತೆ ಕಾಪಾಡುತ್ತದೆ. ಕೊಳೆಯುವುದು ನಿಲ್ಲುವುದಿಲ್ಲ, ಕಾಣುವುದು ನಿಲ್ಲುತ್ತದೆ. ಮಾಲೀಕ ದುಡ್ಡು ಕೊಟ್ಟದ್ದೂ ಅದಕ್ಕೇ.

ದೊಡ್ಡವರೂ ಇದೇ ದಾರಿ ಹಿಡಿದವರು. 1782ರ ಆಗಸ್ಟ್ 29ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಳಿ 100 ತೋಪುಗಳ ಯುದ್ಧನೌಕೆ 'ರಾಯಲ್ ಜಾರ್ಜ್' ಅನ್ನು, ನೀರಿನಡಿಯ ಒಂದು ಸಣ್ಣ ರಿಪೇರಿಗೆಂದು ಮಗ್ಗುಲಿಗೆ ವಾಲಿಸಿದರು. ಹಡಗು ಮುಳುಗಿತು, 800ಕ್ಕೂ ಹೆಚ್ಚು ಜನ ಸತ್ತರು. ವಿಚಾರಣೆ ನಡೆಸಿದ ನೌಕಾ ನ್ಯಾಯಾಲಯ ಕ್ಯಾಪ್ಟನ್ನನನ್ನು ಖುಲಾಸೆ ಮಾಡಿ, ಕೊಳೆತ ಮರದ ಕಡೆ ಬೆರಳು ತೋರಿಸಿತು. ಮರ ಮೇಲ್ಮನವಿ ಹಾಕಲಿಲ್ಲ. ಅದು ಕೊಳೆತಿದೆಯೆಂದು ಮುಳುಗುವ ಮೊದಲೇ ನೋಡಬೇಕಿದ್ದವರ ಪ್ರಶ್ನೆಯೂ ಅಲ್ಲೇ ಮುಳುಗಿತು.

ಆದ್ದರಿಂದ ಧಣಿಗಳೇ, ಅಡ್ವಾನ್ಸ್ ಜೇಬಿನಲ್ಲೇ ಇರಲಿ. ಮೊದಲು ಚಿಪ್ಪು ಕೆರೆಸಿ, ತಳ ಒಣಗಿಸಿ. ರಿಪೇರಿಯಲ್ಲಿ ಒಂದು ಪೈಸೆಯೂ ಸಿಗದ ಒಬ್ಬ ಅನುಭವಿಗೆ ಕೂಲಿ ಕೊಟ್ಟು ಬಡಿಸಿ, ಹೋದ ಹಲಗೆಗೆಲ್ಲ ಸೀಮೆಸುಣ್ಣದ ಗುರುತು ಹಾಕಿಸಿ. ಕೀಲೇ ಹೋಗಿದ್ದರೆ ಬೋಟಿಗೆ ಕೈಮುಗಿದು ಬಿಟ್ಟುಬಿಡಿ. ಪೈಂಟು ಕೊನೆಗೆ. ಆಗಸ್ಟ್‌ನಲ್ಲಿ ಆ ಹಲಗೆಗಳನ್ನು ನಂಬಿ ಕಡಲಿಗೆ ಹೋಗುವವರು ಏಳೆಂಟು ಜನ. ಎಸ್ಟಿಮೇಟಿಗೆ ಸಹಿ ಹಾಕಿದವರು ಯಾರೂ ಅವರಲ್ಲಿ ಇರುವುದಿಲ್ಲ.