ಸಿಂಕು ಸೋರಿದರೆ ಸಮುದ್ರಕ್ಕೇನು?

ದುಡ್ಡು ಕಳೆಯಲು ನಮ್ಮ ಹಿರಿಯರಿಗೆ ಗೊತ್ತಿದ್ದದ್ದು ಮೂರೇ ದಾರಿ: ಕುದುರೆ, ಇಸ್ಪೀಟು, ಕೋರ್ಟು. ಪಾಪ, ಹಾಯಿದೋಣಿ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಸೌತಾಂಪ್ಟನ್ ಪಕ್ಕದ ಹ್ಯಾಂಬಲ್ ನದಿಯ ದಡದಲ್ಲಿ ನಿಂತು ನೋಡಿ. ಹಾಯಿಕಂಬಗಳು ಅಡಿಕೆ ತೋಟದ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ. ಒಂದೊಂದು ಕಂಬದ ಬುಡದಲ್ಲಿ ಒಬ್ಬ ಯಜಮಾನ, ಒಬ್ಬೊಬ್ಬ ಯಜಮಾನನ ಕೈಯಲ್ಲಿ ಒಂದು ಸ್ಪ್ಯಾನರ್. ಸಮುದ್ರಕ್ಕೆ ಹೋದವರು ಬೆರಳೆಣಿಕೆ. ಉಳಿದವರೆಲ್ಲ ಮುಂದಿನ ವಾರ ಹೋಗುವವರು.

ನನ್ನ ಗೆಳೆಯರಾದ ಹಾಸನದ ಡಾಕ್ಟರು ಈ ಸಂಘದ ಖಾಯಂ ಸದಸ್ಯರು. ಆಸ್ಪತ್ರೆಯಲ್ಲಿ ರಕ್ತನಾಳ ಹೊಲಿಯುವ ಕೈ ಅವರದು. ಆ ಕೈಗೂ ಬಗ್ಗದ ರೋಗಿ ಒಂದಿದೆ, ಅವರ ದೋಣಿಯ ಅಡುಗೆಮೂಲೆಯ ಸಿಂಕು. ಎಪ್ಪತ್ತರ ದಶಕದ ಫೈಬರ್‌ಗ್ಲಾಸ್ ದೋಣಿ. ಸಿಂಕಿನ ಕೆಳಗೆ ತೊಟ್ಟು ತೊಟ್ಟು ಸೋರಿಕೆ. "ಅಷ್ಟೇನಾ? ಒಂದು ವಾಷರ್ ಹಾಕಿದ್ರೆ ಮುಗೀತು" ಅಂತೀರಿ. ನೆಲದ ಮೇಲೆ ಮನೆ ಕಟ್ಟಿಕೊಂಡವರು ಯಾವಾಗಲೂ ಹಾಗೇ ಅನ್ನುವುದು.

ಮನೆಯ ಸಿಂಕಿನ ಬುಡದಲ್ಲಿ ಬಾಗಿದ ಪೈಪು ಇರುತ್ತದೆ, ಅದರೊಳಗೆ ನಿಂತ ನೀರು ಮೋರಿಯ ನಾತ ಮೇಲೇರದಂತೆ ತಡೆಯುತ್ತದೆ. 1775ರಲ್ಲಿ ಅಲೆಗ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರದ ಕಸಬುದಾರ ಶೌಚಾಲಯಕ್ಕೆಂದು ಇಂಥ ಬಾಗಿಗೆ ಪೇಟೆಂಟ್ ತೆಗೆದುಕೊಂಡ. ಹಾಯಿದೋಣಿಗಳಲ್ಲಿ ಸಾಮಾನ್ಯವಾಗಿ ಆ ಡೊಂಕೇ ಇರುವುದಿಲ್ಲ. ಸಿಂಕಿನಿಂದ ರಬ್ಬರ್ ಪೈಪು ನೆಟ್ಟಗೆ ಇಳಿಯುತ್ತದೆ, ಅದರ ತುದಿಗೆ ದೋಣಿಯ ತಳದಲ್ಲೊಂದು ತೂತು. ತೂತಿನಾಚೆ ಸಮುದ್ರ. ತಟ್ಟೆ ತೊಳೆದ ನೀರು ಹೊರಗೆ ಹೋಗುವ ದಾರಿಯೇ ಕಡಲು ಒಳಗೆ ಬರುವ ದಾರಿ ಕೂಡ. ಇಬ್ಬರ ನಡುವೆ ಕಾವಲಿಗೆ ನಿಂತಿರುವುದು ಸೀಕಾಕ್ ಎಂಬ ಒಂದು ಕವಾಟ. ಒಂದೂವರೆ ಇಂಚಿನ ತೂತು ನೀರಿನ ಮಟ್ಟಕ್ಕಿಂತ ಎರಡಡಿ ಕೆಳಗಿದೆ ಅನ್ನಿ. ಪೈಪು ಕಳಚಿಕೊಂಡರೆ ನಿಮಿಷಕ್ಕೆ ನೂರು ಲೀಟರಿಗೂ ಮಿಕ್ಕಿ ನೀರು ನುಗ್ಗುತ್ತದೆ. ಗಾಳಿಗೆ ದೋಣಿ ವಾಲಿದಾಗ ಪೈಪು ಕಳಚಲೂ ಬೇಕಿಲ್ಲ. ಸಿಂಕು ಒಂದು ಬದಿಗಿದ್ದರೆ, ಆ ಬದಿ ಕೆಳಗಾದಾಗ ಸಮುದ್ರ ಸಿಂಕಿನೊಳಗಿಂದಲೇ ಉಕ್ಕಿ ಬಂದು ಪಾತ್ರೆ ತೊಳೆದುಕೊಟ್ಟು ಹೋಗುತ್ತದೆ. ಅದಕ್ಕೇ ತಿಳಿದವರು ಸಿಂಕನ್ನು ದೋಣಿಯ ನಡುಗೆರೆಗೆ ಹತ್ತಿರ ಕೂರಿಸುತ್ತಾರೆ. ಡಾಕ್ಟರ ದೋಣಿ ಕಟ್ಟಿದ ಪುಣ್ಯಾತ್ಮರು ಕಿಟಕಿಯ ನೋಟಕ್ಕೆ ಮನಸೋತು ಬದಿಗಿಟ್ಟರು.

ಹಾಗಾಗಿ ಮೊದಲ ಪ್ರಶ್ನೆ, ಸೋರುತ್ತಿರುವುದು ಯಾವ ನೀರು? ಇದಕ್ಕೆ ಲ್ಯಾಬೊರೇಟರಿ ಬೇಡ, ನಾಲಿಗೆ ಸಾಕು. ಡಾಕ್ಟರು ದೋಣಿಯ ತಳದಲ್ಲಿ ನಿಂತ ಬೂದು ನೀರಿಗೆ ತೋರುಬೆರಳು ಅದ್ದಿ, ಕಣ್ಣು ಮುಚ್ಚಿ, ತೀರ್ಥ ತೆಗೆದುಕೊಳ್ಳುವ ಭಕ್ತಿಯಿಂದ ಚಪ್ಪರಿಸಿದರು. ರೋಗಿಗಳು ಇದನ್ನು ನೋಡಬಾರದು. "ಸೋಪು!" ಅಂದರು, ಮುಖ ಅರಳಿತು. ಸೋಪಾದರೆ ಸಿಂಕಿನ ಸೋರಿಕೆ. ಉಪ್ಪಾಗಿದ್ದರೆ ಅರಳುವುದಕ್ಕೆ ಮುಖ ಉಳಿಯುತ್ತಿರಲಿಲ್ಲ. ಆಮೇಲೆ ಎಲ್ಲ ಒರೆಸಿ, ಪ್ರತಿ ಜಾಯಿಂಟಿಗೂ ಟಿಶ್ಯೂ ಪೇಪರ್ ಸುತ್ತಿ, ಸಿಂಕಿಗೆ ಅಡುಗೆಯ ಕೆಂಪು ಬಣ್ಣದ ನೀರು ಸುರಿದರು. ಯಾವ ಪೇಪರ್ ಮೊದಲು ಕೆಂಪಾಯಿತೋ ಅದೇ ಕಳ್ಳ.

ಕಳ್ಳ ಸಿಕ್ಕ, ಆದರೆ ಕೈಗೆ ಸಿಗಲಿಲ್ಲ. ದೋಣಿಯ ಸಿಂಕಿನ ಕಪಾಟು ಎಂದರೆ ಒಂದು ತಲೆ, ಒಂದು ಭುಜ ಹಿಡಿಯುವ ಜಾಗ. ಎರಡನೇ ಕೈಯನ್ನು ದಡದಲ್ಲೇ ಬಿಟ್ಟು ಬರಬೇಕು. ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು 1966ರಲ್ಲಿ ಬರೆದ ಯೋಗದ ಪುಸ್ತಕದಲ್ಲಿ ಇನ್ನೂರರಷ್ಟು ಆಸನಗಳಿವೆ. ಸೊಂಟ ಎಂಜಿನ್ ಪೆಟ್ಟಿಗೆಯ ಮೇಲೆ, ಕೆನ್ನೆ ಗ್ಯಾಸ್ ಪೈಪಿನ ಮೇಲೆ, ಟಾರ್ಚು ಹಲ್ಲಿನ ನಡುವೆ ಇರುವ ಈ ಆಸನ ಅದರಲ್ಲಿಲ್ಲ. ಇತ್ತ ಜೆಟ್ಟಿಯ ಮೇಲೆ ಚಹಾ ಮಗ್ಗು ಹಿಡಿದ ಅಕ್ಕಪಕ್ಕದ ದೋಣಿಯವರು ಸೇರಿದರು. ಒಬ್ಬರು ಸಿಲಿಕೋನ್ ಹಚ್ಚಿ ಅಂದರು. ಇನ್ನೊಬ್ಬರು ಪಾಲಿಯುರೇಥೇನ್ ಅಂದರು, ಅದು ಒಮ್ಮೆ ಹಿಡಿದರೆ ಮುಂದೆ ಸಿಂಕು ಬಿಚ್ಚಲು ದೋಣಿಯನ್ನೇ ಕೊಯ್ಯಬೇಕು. ಮೂರನೆಯವರು ದೋಣಿ ಮಾರಿ ಅಂದರು. ಅನುಭವಸ್ಥರು.

ನಿಜವಾದ ತಂಟೆ ಅಂಟಿನದಲ್ಲ, ಎಳೆಯದು, ಅಂದರೆ ನಟ್ಟಿನ ಥ್ರೆಡ್ಡಿನದು. ದೋಣಿಯ ಹಿಂದಿನ ಯಜಮಾನ ಸಿಂಕಿನ ಬಾಯಿಗೆ ಅಮೆರಿಕದ ಜಾಲರಿ ತಂದು ಕೂರಿಸಿ, ಕೆಳಗೆ ಬ್ರಿಟಿಷ್ ನಟ್ಟು ತಿರುಗಿಸಿದ್ದ. ಎರಡರ ಹೆಸರೂ ಒಂದೂವರೆ ಇಂಚು. ಸ್ಕೇಲಿಟ್ಟು ನೋಡಿದರೆ ಎರಡೂ ಸುಮಾರು 48 ಮಿಲಿಮೀಟರ್, ಅಂದರೆ ಒಂದೂವರೆ ಇಂಚಂತೂ ಅಲ್ಲವೇ ಅಲ್ಲ. ಪೈಪಿನ ಲೆಕ್ಕವೇ ಹಾಗೆ. ಆದರೆ ಬ್ರಿಟಿಷ್ ಎಳೆ ಇಂಚಿಗೆ 11, ಅಮೆರಿಕದ್ದು ಹನ್ನೊಂದೂವರೆ. ಇವರದು 55 ಡಿಗ್ರಿಯ ಕೋನ, ಅವರದು 60. ಮೊದಲ ಒಂದೆರಡು ಸುತ್ತು ಬೀಗರ ಹಾಗೆ ನಗುನಗುತ್ತ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಬಿಗಿಯಾಯಿತು ಅಂತ ಯಜಮಾನ ಹಿಗ್ಗುತ್ತಾನೆ, ನೀರು ಸಂದಿಯಲ್ಲಿ ಇಳಿಯುತ್ತದೆ. ಮೇಲೆ ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಈ ಸಂಬಂಧ ಕೂಡಿಬರುವುದಿಲ್ಲ. ಬೆಂಗಳೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮಾಮೂಲಾಗಿ ಸಿಗುವುದೂ ಆ ಬ್ರಿಟಿಷ್ ಎಳೆಯೇ. ಅಮೆರಿಕದಿಂದ ಅಳಿಯ ತಂದ ನಲ್ಲಿ ಜಯನಗರದ ಮನೆಯಲ್ಲಿ ಏಕೆ ಸರಿಯಾಗಿ ಕೂರುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ.

ದೋಣಿ ಸಾಮಾನಿನ ಅಂಗಡಿಗೆ ಹೋದೆವು. 'ಮರೀನ್' ಎಂದು ಬರೆದ ಡಬ್ಬಿಯೊಳಗೆ ಏನಿದ್ದರೂ ಬೆಲೆಗೆ ರೆಕ್ಕೆ ಬಂದಿರುತ್ತದೆ. ಅಲ್ಲಿ ನನಗೆ ಮೆಚ್ಚಿಗೆಯಾದದ್ದು ಜುಬಿಲಿ ಕ್ಲಿಪ್, ಪೈಪಿನ ಸುತ್ತ ಬಿಗಿಯುವ ಉಕ್ಕಿನ ಪಟ್ಟಿ. 1921ರಲ್ಲಿ ಅದಕ್ಕೆ ಪೇಟೆಂಟ್ ಪಡೆದವರು ಲಮ್ಲಿ ರಾಬಿನ್ಸನ್, ನೌಕಾಪಡೆಯಲ್ಲಿ ಕಮಾಂಡರ್ ಆಗಿದ್ದವರು. ಸೋರುವ ಪೈಪಿನ ಸಂಕಟ ನೌಕಾಪಡೆಯವರಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ನೀರಿನ ಮಟ್ಟದ ಕೆಳಗಿನ ಪೈಪಿಗೆ ಒಂದು ತುದಿಗೆ ಎರಡೆರಡು ಕ್ಲಿಪ್ ಹಾಕುವುದು ರೂಢಿ. ಡಾಕ್ಟರು ಜೇಬಿನಿಂದ ಅಯಸ್ಕಾಂತ ತೆಗೆದು ಕ್ಲಿಪ್ಪಿಗೆ ಮುಟ್ಟಿಸಿದರು. ಪಟ್ಟಿ ಒಳ್ಳೆಯ ಸ್ಟೀಲು, ಸ್ಕ್ರೂ ಮಾತ್ರ ಟಕ್ಕೆಂದು ಅಂಟಿತು. ಅಗ್ಗದ ಕ್ಲಿಪ್ಪುಗಳಲ್ಲಿ ಮೊದಲು ತುಕ್ಕು ಹಿಡಿಯುವುದು ಆ ಸ್ಕ್ರೂವೇ.

ದುರಸ್ತಿ ಸಲೀಸಾಗಿಯೇ ಮುಗಿಯಿತು. ಜಾಲರಿ, ನಟ್ಟು, ವಾಷರ್ ಎಲ್ಲ ಒಂದೇ ದೇಶದವು. ಮುರುಟಿದ ಹಳೇ ಪೈಪನ್ನು ಉದ್ದಕ್ಕೆ ಚಾಕುವಿನಲ್ಲಿ ಸೀಳಿ ತೆಗೆದು, ಹೊಸದರ ತುದಿಯನ್ನು ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಜಾರಿ ಕೂರುತ್ತದೆ. ಕೆಳತುದಿ ಬಿಚ್ಚುವ ಮೊದಲು ಸೀಕಾಕ್ ಮುಚ್ಚಬೇಕಲ್ಲ, ಅಲ್ಲಿ ಸಿಕ್ಕಿತು ನಿಜವಾದ ಕಥೆ. ಹಿಡಿ ಅಲ್ಲಾಡಲಿಲ್ಲ. ಯಾವ ಕಾಲದಲ್ಲಿ ತಿರುಗಿಸಿದ್ದೋ! ಬಲವಂತ ಮಾಡಿದರೆ ಕವಾಟವೇ ಕಿತ್ತು ಬರಬಹುದೆಂದು ಕೆಲಸ ನಿಲ್ಲಿಸಿ, ಕ್ರೇನಿಗೆ ಫೋನು ಮಾಡಿ, ದೋಣಿಯನ್ನು ದಡಕ್ಕೆತ್ತಿಸಿದರು. ಕವಾಟ ಹಿತ್ತಾಳೆಯದು, ಕೆರೆದರೆ ತಿಳಿಗುಲಾಬಿ ಬಣ್ಣ. ಉಪ್ಪುನೀರಿನಲ್ಲಿ ಹಿತ್ತಾಳೆಯೊಳಗಿನ ಸತು ಕರಗಿ ಹೋಗುತ್ತದೆ, ಉಳಿಯುವ ತಾಮ್ರ ತೂತುತೂತು. ಸುತ್ತಿಗೆಯಿಂದ ಸಣ್ಣಗೆ ಕುಟ್ಟಿದ್ದೇ ತಡ, ಅಂಚು ಪುಡಿಯಾಗಿ ಉದುರಿತು. ದೋಣಿಯ ಈ ಸಾಮಾನಿಗೆಂದೇ 1994ರಲ್ಲಿ ಬಂದ ಐಎಸ್ಒ 9093 ಮಾನದಂಡದಲ್ಲಿ 'ತುಕ್ಕು ತಡೆಯುವ ಲೋಹ' ಎಂದರೆ ಐದು ವರ್ಷ ಕೆಡದೆ ಇದ್ದರೆ ಸಾಕಿತ್ತು. ಐದೇ ವರ್ಷ, ಸ್ವಾಮಿ! ನಮ್ಮ ಪಂಚಾಯಿತಿ ಸದಸ್ಯರ ಅವಧಿ. ಈಗ ಕಂಚಿನದು ಹಾಕಿಸಿದ್ದಾರೆ, ಪಕ್ಕದಲ್ಲೇ ದಾರದಲ್ಲಿ ಮೆದುಮರದ ಬೆಣೆಯೊಂದು ನೇತಾಡುತ್ತಿದೆ, ಕವಾಟ ಕೈಕೊಟ್ಟರೆ ತೂತಿಗೆ ಜಡಿಯಲು. ಸಿಂಕಿನ ತೊಟ್ಟನ್ನು ಬೈದದ್ದೆಲ್ಲ ದಂಡ. ಅದು ಸೋರದಿದ್ದರೆ ಆ ಕಪಾಟಿಗೆ ಯಾರೂ ತಲೆ ಹಾಕುತ್ತಿರಲಿಲ್ಲ.

ನಿಮ್ಮ ಬಳಗದಲ್ಲೂ ಯಾರಾದರೂ ದೋಣಿ ಇಟ್ಟುಕೊಂಡು "ಭಾನುವಾರ ಬನ್ನಿ, ಕಡಲಿಗೆ ಹೋಗೋಣ" ಅಂತ ಕರೆದರೆ ಖಂಡಿತ ಹೋಗಿ, ಹಳೇ ಪ್ಯಾಂಟು ಹಾಕಿಕೊಂಡು. ಚಹಾ ಕೊಡುವ ಮೊದಲು ಸಿಂಕಿನ ಕೆಳಗಿನ ಹಿಡಿಯನ್ನು ಒಮ್ಮೆ ತಿರುಗಿಸಿ ತೋರಿಸಲು ಹೇಳಿ. ತಿರುಗದಿದ್ದರೆ ಚಹಾ ದಡದ ಹೋಟೆಲಿನಲ್ಲೇ ಕುಡಿಯಿರಿ.