ಜಿಂಕೆಯ ಡೋಸಿಗೆ ಬಿದ್ದ ಆನೆ

ಮಲೆನಾಡಿನ ಪೇಟೆಯೊಂದರಲ್ಲಿ ಮೂವತ್ತು ವರ್ಷ ಮಾತ್ರೆ ಎಣಿಸಿ ನಿವೃತ್ತರಾದ ಕಾಂಪೌಂಡರ್ ರಾಯರಿಗೆ ಕೋವಿ ಹಿಡಿದು ಗೊತ್ತಿಲ್ಲ. ಶಿಕಾರಿಯ ಹುಚ್ಚು ಹತ್ತಿದ್ದು ತೇಜಸ್ವಿಯವರು ಕನ್ನಡಕ್ಕೆ ತಂದ, ಬೇಟೆಗಾರ ಕೆನೆತ್ ಆಂಡರ್ಸನ್‌ನ ಕತೆಗಳಿಂದ. 1972ರ ವನ್ಯಜೀವಿ ಕಾಯ್ದೆಯ ಮೇಲೆ ಅವರಿಗೆ ಪೂರ್ಣ ಗೌರವ. ಕುರ್ಚಿ ಬಿಟ್ಟು ಏಳದೆ ಬೇಟೆಯಾಡುವವರಿಗೆ ಯಾವ ಕಾಯ್ದೆಯಾದರೇನು?

ಆಂಡರ್ಸನ್‌ನ .405 ವಿಂಚೆಸ್ಟರ್ ರೈಫಲ್ಲಿನ ಗುಂಡು 300 ಗ್ರೇನ್ ತೂಕದ್ದೆಂದು ತಿಳಿದದ್ದೇ ತಡ, ರಾಯರ ಕಿವಿ ನೆಟ್ಟಗಾಯಿತು. ಗ್ರೇನ್ ಎಂದರೆ ಹಳೇ ಔಷಧಿ ಚೀಟಿಗಳ ಅಳತೆ. ಸುಮಾರು 65 ಮಿಲಿಗ್ರಾಂ, ಅಕ್ಕಸಾಲಿಯ ಅರ್ಧ ಗುಲಗಂಜಿ. ಆಸ್ಪಿರಿನ್ ಮಾತ್ರೆ 325 ಮಿಲಿಗ್ರಾಂ ಎಂಬ ವಿಚಿತ್ರ ಲೆಕ್ಕಕ್ಕೆ ಬಂದು ನಿಂತದ್ದು ಮೊದಲು ಐದು ಗ್ರೇನ್ ಇದ್ದದ್ದರಿಂದ.

“ನರಭಕ್ಷಕನಿಗೆ ಅರವತ್ತು ಆಸ್ಪಿರಿನ್ ಕಣೇ!” ಎಂದು ಅಡುಗೆಮನೆಯತ್ತ ಕೂಗಿದರು.

ಅದೇ ಬಗೆಯ ರೈಫಲ್ಲನ್ನು 1909ರಲ್ಲಿ ಆಫ್ರಿಕಾಕ್ಕೆ ಒಯ್ದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದನ್ನು ಸಿಂಹಕ್ಕೆ ಮದ್ದು ಎಂದೇ ಕರೆದಿದ್ದ. ಕೆಮ್ಮಿನ ಕಷಾಯಕ್ಕೂ ಕೋವಿಯ ಪುಡಿಗೂ ಮದ್ದು ಎನ್ನುವ ನಮಗೆ ಇದರಲ್ಲಿ ಹೊಸದೇನಿಲ್ಲ.

ರಾಯರು ಮೃಗಗಳಿಗೆಲ್ಲ ಚೀಟಿ ಬರೆಯತೊಡಗಿದರು. ಅಮೆರಿಕದ ಪ್ರೇರಿ ಡಾಗ್, ಹೆಸರಿಗೆ ನಾಯಿ, ಕುಲದಲ್ಲಿ ಅಳಿಲಿನ ದಾಯಾದಿ: 40 ಗ್ರೇನ್, ಎಂಟು ಮಾತ್ರೆ. ಜಿಂಕೆ: 150, ಮೂವತ್ತು ಮಾತ್ರೆ. ಆನೆಗೆ .600 ನೈಟ್ರೋ ಎಕ್ಸ್‌ಪ್ರೆಸ್ ರೈಫಲ್ಲಿನ ಗುಂಡು, 900 ಗ್ರೇನ್: ನೂರ ಎಂಬತ್ತು! ಮೈತೂಕಕ್ಕೆ ತಕ್ಕ ಡೋಸು.

ಲೆಕ್ಕ ಕೆಡಿಸಿದವನು ಸ್ಕಾಟ್ಲೆಂಡಿನ ‘ಕಾರಮೋಜೋ’ ಬೆಲ್. ದಂತಕ್ಕಾಗಿ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಕೊಂದ ಈತ ಬಹುಪಾಲು ಬಳಸಿದ್ದು .275 ರಿಗ್ಬಿ ರೈಫಲ್ಲಿನ 173 ಗ್ರೇನಿನ ಗುಂಡು. ಜಿಂಕೆಯ ಡೋಸು! ಉದ್ದನೆಯ, ಗಟ್ಟಿ ಕವಚದ, ಅರಳದ ಗುಂಡು ಬುರುಡೆ ಕೊರೆದು ನೆಟ್ಟಗೆ ಮಿದುಳು ಸೇರುತ್ತಿತ್ತು. ಮಿದುಳಿನ ಜಾಗ ತಿಳಿಯಲು ಬೆಲ್ ಆನೆಯ ಬುರುಡೆಯನ್ನೇ ಗರಗಸದಲ್ಲಿ ಸೀಳಿಸಿ ನೋಡಿದ್ದ. ಓದಿದ ರಾಯರಿಗೆ ಆ ಮಧ್ಯಾಹ್ನ ಊಟ ಸೇರಲಿಲ್ಲ.

ಹಾಗೆಂದು ಅದೇ ಗುಂಡು ಜಿಂಕೆಗೆ ಆಗದು. ಸೂಜಿಯಂತೆ ಈಚೆ ಹೊಕ್ಕು ಆಚೆ ಹೊರಡುತ್ತದೆ; ಪ್ರಾಣಿ ಎಲ್ಲೋ ದೂರ ಓಡಿ ನರಳಿ ಸಾಯುತ್ತದೆ. ಅದಕ್ಕೆ ಒಳಗೆ ಮೂತಿ ಅರಳುವ ಗುಂಡೇ ಬೇಕು. ಕೋಲ್ಕತ್ತದ ಬಳಿಯ ಡಮ್‌ಡಮ್ ಕಾರ್ಖಾನೆಯಿಂದ ಹೆಸರು ಪಡೆದ ಇಂಥ ಗುಂಡನ್ನು 1899ರ ಹೇಗ್ ಘೋಷಣೆ ಯುದ್ಧದಿಂದ ಹೊರಗಿಟ್ಟಿತು. ಬೇಟೆಯಲ್ಲಿ ಅದನ್ನೇ ಕರುಣೆ ಎನ್ನುತ್ತಾರೆ. ಮನುಷ್ಯನ ನ್ಯಾಯ ಮನುಷ್ಯನಿಗೇ ಅರ್ಥವಾಗಬೇಕು.

ಅವಸರದಲ್ಲಿ ಅರಳಿದರೂ ಕಷ್ಟ. 1946ರಲ್ಲಿ ಜಾನ್ ನಾಸ್ಲರ್ ಎಂಬ ಅಮೆರಿಕನ್ ಕೆನಡಾದ ಕಾಡಿನಲ್ಲಿ ಮೂಸ್ ಒಂದಕ್ಕೆ ಗುಂಡು ಹೊಡೆದ. ನಮ್ಮ ಕಡವೆಯ ದೊಡ್ಡಣ್ಣನಂಥ ಆ ಪ್ರಾಣಿಯ ಮೈತುಂಬ ಕೆಸರು ಒಣಗಿ ಹೆಂಟೆಗಟ್ಟಿತ್ತು. ಗುಂಡು ಹೊರಗೇ ಅರಳಿ ಚೂರಾಯಿತು. ಮನೆಗೆ ಮರಳಿದ ನಾಸ್ಲರ್ ತಾಮ್ರದ ಕವಚದೊಳಗೆ ಅಡ್ಡಗೋಡೆ ಕಟ್ಟಿದ: ಮುಂದಿನ ಸೀಸ ಅರಳಲಿ, ಹಿಂದಿನದು ಗಟ್ಟಿಯಾಗಿ ನುಗ್ಗಲಿ. ಅದೇ ‘ಪಾರ್ಟಿಷನ್’ ಗುಂಡು.

“ಎರಡು ಖಾನೆಯ ಕ್ಯಾಪ್ಸೂಲ್!” ರಾಯರು ತೊಡೆ ತಟ್ಟಿಕೊಂಡರು.

ಅಡುಗೆಮನೆಯಿಂದ ಹೆಂಡತಿ ಬಂದರು. ಕೈಯಲ್ಲಿ ತೂತು ಬಿದ್ದ ಅಕ್ಕಿ ಚೀಲ. “ಅದೆಲ್ಲ ಇರಲಿ ಮಾರಾಯ್ರೆ, ಇಲಿಗೆ ಎಷ್ಟು ಗ್ರೇನ್?”

ರಾಯರು ಕನ್ನಡಕ ತೆಗೆದು ಒರೆಸತೊಡಗಿದರು. ಹೆಂಡತಿ ಬೋನಿನ ಕೊಕ್ಕೆಗೆ ಸುಟ್ಟ ಕೊಬ್ಬರಿಯ ಚೂರೊಂದನ್ನು ಸಿಕ್ಕಿಸಿ, ಬಾಗಿಲ ಮೂಲೆಗಿಟ್ಟು, ದೀಪ ಆರಿಸಿದರು.