ಬಾರಾ ಕಮಾನ್ ಪ್ರಮೇಯ: ಪೋರ್ಟ್‌ಫೋಲಿಯೋ ಪುಟದ ಆದಿಲ್‌ಶಾಹಿ ಮೂಲ ಕುರಿತು ಕಿರುಶೋಧ

ಜಗತ್ತಿನ ಮೊದಲ ಜಾಲತಾಣವನ್ನು 1991ರಲ್ಲಿ ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದಿಂದ ಲೋಕಕ್ಕೆ ತೆರೆದನೆಂಬುದು ಪಾಶ್ಚಾತ್ಯ ವಿದ್ವಾಂಸರ ಪೂರ್ವಪಕ್ಷ. ಅದನ್ನು ಖಂಡಿಸುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಸದರಿ ವಿದ್ವಾಂಸರು ವಿಜಯಪುರಕ್ಕೆ ಬಂದಿಲ್ಲ. ಬಂದಿದ್ದರೂ ಗೋಳಗುಮ್ಮಟದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ಸೋಲಾಪುರದ ಬಸ್ ಹತ್ತಿದ್ದಾರೆ.

ಮೊದಲು ಲಕ್ಷಣ. ಪೋರ್ಟ್‌ಫೋಲಿಯೋ ಎಂದರೆ, ಕರ್ತೃವು ತನ್ನ ಹಿರಿಮೆ ಸಾರಲು ತಾನೇ ಎಬ್ಬಿಸಿಕೊಳ್ಳುವ, ಹೊರಗೆ ಭವ್ಯವೂ ಒಳಗೆ ಬಹುಮಟ್ಟಿಗೆ ಖಾಲಿಯೂ ಆದ ರಚನೆ. ಮುಹಮ್ಮದ್ ಆದಿಲ್‌ಶಾಹನ ಗೋಳಗುಮ್ಮಟ (1656) ಈ ಲಕ್ಷಣಕ್ಕೆ ಅಕ್ಷರಶಃ ಒಪ್ಪುತ್ತದೆ. ಅಲ್ಲಿ ಒಂದು ಮಾತು ಆಡಿದರೆ ಏಳು ಸಲ ಮರುದನಿಸುತ್ತದೆಂಬ ಖ್ಯಾತಿಯಿದೆ. ಇಂದು ಊರಿನ ಯಾವ ವಿದ್ಯಾರ್ಥಿಯ ಪುಟ ತೆಗೆದರೂ ‘ಹಾಯ್, ಐ ಆ್ಯಮ್ ಅ ಪ್ಯಾಷನೇಟ್ ಡೆವಲಪರ್’ ಎಂಬ ಒಂದೇ ವಾಕ್ಯ ಕೇಳುತ್ತದೆ. ಮೂಲದಲ್ಲಿ ಅದನ್ನು ಕೂಗಿದವನು ಯಾರೆಂಬುದು ಮಾತ್ರ ಶೋಧಕ್ಕೆ ದಕ್ಕಿಲ್ಲ.

ಪ್ರಬಲತರ ಸಾಕ್ಷ್ಯ ಬಾರಾ ಕಮಾನ್. ಎರಡನೇ ಅಲಿ ಆದಿಲ್‌ಶಾಹ 1672ರಲ್ಲಿ ತೀರಿಕೊಂಡಾಗ ಅವನ ಗೋರಿ ಕಮಾನುಗಳ ಮಟ್ಟದಲ್ಲೇ ನಿಂತಿತ್ತು, ಇಂದಿಗೂ ನಿಂತಿದೆ. ‘ಕಾಮಗಾರಿ ಪ್ರಗತಿಯಲ್ಲಿದೆ, ಶೀಘ್ರದಲ್ಲೇ ಬರಲಿದೆ’ ಎಂಬ ಪುಟದ ಅತ್ಯಂತ ಪ್ರಾಚೀನ ಮಾದರಿ ಇದೇ. ಅಂದರೆ ವಿಜಯಪುರ ಸರ್ನ್‌ಗಿಂತ 319 ವರ್ಷ ಮುಂದಿತ್ತು. ಇತಿ ಸಿದ್ಧಂ.

ಇನ್ನು ಇದೇ ಜಿಲ್ಲೆಯ ಟಿಕೋಟಾ ಖಂಡ. ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು 1995ರಲ್ಲಿ ಹತ್ತೇ ದಿನದಲ್ಲಿ ಹೊಸೆದ. ಟಿಕೋಟಾದ ದ್ರಾಕ್ಷಿಯಾದರೋ, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಮಿಂದು, ಶೆಡ್ಡಿನ ನೆರಳಲ್ಲಿ ಬಲೆಯ ಮೇಲೆ ಮಲಗಿ ಒಣದ್ರಾಕ್ಷಿಯಾಗಲು ಸುಮಾರು ಹದಿನೈದು ದಿನ ಕೇಳುತ್ತದೆ. ಒಂದು ಕೊಯ್ಲು ಒಣಗುವಷ್ಟರಲ್ಲಿ ಒಂದೂವರೆ ಜಾವಾಸ್ಕ್ರಿಪ್ಟ್ ತಯಾರಾಗುತ್ತದೆಂದು ಗಣಿತ ಹೇಳುತ್ತದೆ. ಈ ಹದಿನೈದು ದಿನ ಮನೆಯ ಯಜಮಾನನ ಕಣ್ಣು ಆಕಾಶದ ಮೇಲೆಯೇ ಇರುತ್ತದೆ. ಅಕಾಲದ ನಾಲ್ಕು ಹನಿ ಬಿದ್ದರೆ ಕಾಳು ಕಪ್ಪಾಗುತ್ತದೆ, ದರ ಬೀಳುತ್ತದೆ. ಅದೇ ಮನೆಯ ನಡುಮನೆಯಲ್ಲಿ ಮಗ ಕೂತು ಹವಾಮಾನದ ಆ್ಯಪ್ ಕಟ್ಟುತ್ತಿರುತ್ತಾನೆ. ಸಂಶೋಧಕನ ಕಲ್ಪನೆಯಲ್ಲಿ ಸಂವಾದ ಹೀಗೆ ಸಾಗುತ್ತದೆ:

“ಏನ್ ಮಾಡಾಕತ್ತಿ ತಮ್ಮಾ?”

“ಮಳಿ ಬರತೈತೋ ಇಲ್ಲೋ ಹೇಳೂ ಆ್ಯಪ್, ಅಪ್ಪಾ.”

“ಭಾಳ ಛಲೋ ಆತು. ನಾಳೆ ಬರತೈತೇನು?”

“ಲಂಡನ್‌ದಾಗ ಬರತೈತಿ.”

“ಲಂಡನ್‌ದಾಗ ನಮ್ಮದ್ಯಾವ ಶೆಡ್ ಐತ್ಯೋ?”

“ಪಾಠದಾಗ ಹಂಗ ಐತಿ.”

ಇಡೀ ಶಾಸ್ತ್ರದ ಸಾರ ಆ ಕೊನೆಯ ಉತ್ತರದಲ್ಲಿದೆ. ಮಗನ ಪುಟದಲ್ಲಿ ‘ಪ್ರಾಜೆಕ್ಟ್ಸ್’ ಅಡಿಯಲ್ಲಿ ಕ್ಯಾಲ್ಕುಲೇಟರ್ ಇದೆ, ಟು-ಡೂ ಲಿಸ್ಟ್ ಇದೆ, ಯಾರೂ ಕಾಫಿ ಕುಡಿಯದ ಒಂದು ಕಾಫಿ ಶಾಪ್ ಇದೆ. ಎಚ್‌ಟಿಎಂಎಲ್ 90% ಬರುತ್ತದೆಂದು ಸಾರುವ ಬಣ್ಣದ ಪಟ್ಟಿಯೂ ಇದೆ. ಉಳಿದ 10% ಯಾವುದೆಂದು ಸಂದರ್ಶನದಲ್ಲಿ ಕೇಳಬಾರದು. ಎಷ್ಟು ಪೆಟ್ಟಿಗೆ ಕೋಲ್ಡ್ ಸ್ಟೋರೇಜಿಗೆ ಹೋಯಿತು, ಯಾವ ದಲ್ಲಾಳಿಯಿಂದ ಎಷ್ಟು ಬಾಕಿ ಎಂಬ ಲೆಕ್ಕ ಅಪ್ಪನ ಕೆಂಪು ವಹಿಯಲ್ಲೇ ಉಳಿದಿದೆ. ಅದು ಪ್ರಾಜೆಕ್ಟ್ ಅಲ್ಲವಂತೆ, ಮನೆಗೆಲಸವಂತೆ.

ಬಬಲೇಶ್ವರ ಖಂಡ ಚಿಕ್ಕದು. ಅಲ್ಲಿನ ಹುಡುಗಿ 127.0.0.1 ಎಂಬ ವಿಳಾಸವನ್ನು ಸೋದರಮಾವನಿಗೆ ವಾಟ್ಸ್‌ಆ್ಯಪ್ ಮಾಡಿ, “ನನ್ನ ಲ್ಯಾಪ್‌ಟಾಪ್‌ನ್ಯಾಗ ಛಲೋ ನಡೀತೈತ್ರಿ ಮಾವಾ” ಎನ್ನುತ್ತಾಳೆ. ಆ ವಿಳಾಸ ತೆರೆದವರಿಗೆ ಅವರವರ ಯಂತ್ರವನ್ನೇ ತೋರಿಸುತ್ತದೆ. ಮಾವ ಖಾಲಿ ಪರದೆ ನೋಡಿಯೂ “ಭಾರಿ ಮಾಡೀಯವ್ವಾ” ಎಂದು ಹರಸುತ್ತಾನೆ. ನೀರು ಕೃಷ್ಣೆಯಲ್ಲಿದ್ದ ಮಾತ್ರಕ್ಕೆ ಹೊಲ ನೆನೆಯುವುದಿಲ್ಲ, ತುಬಚಿ-ಬಬಲೇಶ್ವರ ಏತ ನೀರಾವರಿಯಂತೆ ಯಾರಾದರೂ ಎತ್ತಬೇಕು. ಗಿಟ್‌ಹಬ್ ಪುಕ್ಕಟೆಯಾಗಿ ಎತ್ತಿಕೊಡುತ್ತದೆಂಬುದನ್ನು ಮೊದಲ ಪಾಠದಲ್ಲೇ ಹೇಳಿದ್ದರೆ ಮಾವನಿಗೆ ಸುಳ್ಳು ಹೇಳುವುದು ತಪ್ಪುತ್ತಿತ್ತು.

ನಮ್ಮ ಸಿದ್ಧಾಂತಕ್ಕೆ ಒಂದೇ ಒಂದು ಅಪವಾದ ಇದೇ ಊರಿನಲ್ಲಿದೆ, ಅದು ತುಸು ಮುಜುಗರದ್ದು. ವಕೀಲ ಫ.ಗು. ಹಳಕಟ್ಟಿಯವರು ಮೊದಲು ಮನೆಮನೆ ಅಲೆದು ವಚನಗಳ ತಾಡವೋಲೆ ಕೂಡಿಸಿದರು; ಹಿತಚಿಂತಕ ಮುದ್ರಣಾಲಯ ಬಂದದ್ದು ಆಮೇಲೆ, 1925ರಲ್ಲಿ. ಅದಕ್ಕಾಗಿ ಇದ್ದ ಮನೆ ಮಾರಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ಹೇಳಲು ಏನಾದರೂ ಕೈಯಲ್ಲಿದ್ದ ಮೇಲೆ ಪುಟ ಕಟ್ಟುವ ಈ ತಲೆಕೆಳಗಾದ ವಿಧಾನ ಯಾವ ವೆಬ್ ಪಠ್ಯಕ್ರಮದಲ್ಲೂ ಸೇರಿಲ್ಲ.

ಆದ್ದರಿಂದ ಟಿಕೋಟಾದ ತಮ್ಮಂದಿರಲ್ಲಿ, ಬಬಲೇಶ್ವರದ ತಂಗಿಯರಲ್ಲಿ ಸಂಶೋಧಕನ ವಿನಂತಿ: ಆ್ಯಪ್‌ನಲ್ಲಿ ಲಂಡನ್ ಅಳಿಸಿ ನಿಮ್ಮೂರಿನ ಹೆಸರು ಹಾಕಿ. ಕೆಂಪು ವಹಿಯನ್ನು ಅಪ್ಪನ ಮುಂದೆ ಕೂತು ಓದಿ, ಅದನ್ನೇ ಮೊದಲ ಪ್ರಾಜೆಕ್ಟ್ ಮಾಡಿ. ಫೆಬ್ರುವರಿಯೊಳಗೆ ಮುಗಿಸಿದರೆ ಒಳ್ಳೆಯದು, ಆಮೇಲೆ ಶೆಡ್ಡಿನ ಕೆಲಸ ಸುರುವಾಗುತ್ತದೆ.